ಹಿಮದ ಬೆಟ್ಟದಲ್ಲಿ ಹಿಂದಿರುಗುವ ಹೊತ್ತು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಹಿಮ ಹೊದ್ದ ಬೆಟ್ಟದ ವಿಷಯದಲ್ಲಿ ಈ ಗಾದೆಗೆ ಇನ್ನೊಂದು ಮಾತನ್ನು ಸೇರಿಸಬೇಕಾಗುವುದು: ಆ ಬೆಟ್ಟವು ಹತ್ತಿರಕ್ಕೆ ಹೋದ ಮೇಲೂ ನುಣ್ಣಗೆಯೇ ಕಾಣುತ್ತದೆ. ಕಲ್ಲು, ಕೊರಕಲು, ಪ್ರಪಾತ ಎಲ್ಲವನ್ನೂ ಹಿಮವು ಒಂದೇ ಬಿಳಿಯ ಹೊದಿಕೆಯಲ್ಲಿ ಮುಚ್ಚಿಬಿಡುವುದು. ಈಚಿನ ವರ್ಷಗಳಲ್ಲಿ ಬೆಂಗಳೂರು ಮೈಸೂರುಗಳ ವಿದ್ಯಾವಂತ ತರುಣ ತರುಣಿಯರು ಡಿಸೆಂಬರ್ ತಿಂಗಳ ರಜೆ ಬಂತೆಂದರೆ ಉತ್ತರಾಖಂಡದ ಹಿಮಗಿರಿಗಳ ಕಡೆಗೆ ಹೊರಡುತ್ತಿರುವರು. ಇದು ಸಂತೋಷಪಡತಕ್ಕ ಸಂಗತಿ. ಬೆಟ್ಟವನ್ನು ಹೇಗೆ ಏರಬೇಕೆಂದು ಅವರಿಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಯಾವಾಗ ಹಿಂದಿರುಗಬೇಕೆಂಬುದನ್ನು ಹೇಳುವವರು ವಿರಳ. ಅದನ್ನು ಕುರಿತು ಈಗ ನಾಲ್ಕು ಮಾತುಗಳನ್ನಾಡಬೇಕೆಂಬುದು ನಮ್ಮ ಉದ್ದೇಶ.

ಚಾಮುಂಡಿಬೆಟ್ಟವನ್ನೋ ನಂದಿಬೆಟ್ಟವನ್ನೋ ಹತ್ತುವಾಗ ನಮ್ಮ ಲೆಕ್ಕ ತಪ್ಪಿದರೆ ತೆರಬೇಕಾದ ದಂಡವು ಬಹುಮಟ್ಟಿಗೆ ಹಸಿವು, ಆಯಾಸ, ಮನೆಯವರ ಬೈಗಳು, ಇಷ್ಟೇ. ಹಿಮಗಿರಿಯಲ್ಲಿ ಹಾಗಲ್ಲ. ಅಲ್ಲಿ ಸಾವಿರ ಮೀಟರ್ ಮೇಲೇರಿದಂತೆಲ್ಲ ಗಾಳಿಯ ಉಷ್ಣತೆ ಸುಮಾರು ೬.೫ ಡಿಗ್ರಿ ಸೆಲ್ಸಿಯಸ್ ಇಳಿಯುವುದು. ಅದರ ಮೇಲೆ ಗಾಳಿ ಬೀಸಿದರೆ ಮೈಯನ್ನು ಸುತ್ತಿರುವ ಬೆಚ್ಚನೆಯ ಪದರವನ್ನು ಅದು ಕ್ಷಣಕ್ಷಣಕ್ಕೂ ಹೊತ್ತುಕೊಂಡು ಹೋಗುವುದು. ಶೂನ್ಯಕ್ಕಿಂತ ೧೦ ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ ೩೦ ಕಿಲೋಮೀಟರ್ ವೇಗದ ಗಾಳಿ ಎದ್ದರೆ, ಬಟ್ಟೆಯಿಲ್ಲದ ಮುಖಕ್ಕೆ ಅದು ಸುಮಾರು ೨೦ ಡಿಗ್ರಿ ಕೆಳಗಿನ ಚಳಿಯಂತೆ ತಾಕುವುದು. ಬೆವರಿನಿಂದಲೋ ಕರಗಿದ ಹಿಮದಿಂದಲೋ ಬಟ್ಟೆ ಒದ್ದೆಯಾಗಿದ್ದರೆ ಕೇಳುವುದೇ ಬೇಡ.

ಮನುಷ್ಯನ ಮೈಯೊಳಗಿನ ಶಾಖವು ಸಾಧಾರಣವಾಗಿ ೩೭ ಡಿಗ್ರಿ. ಅದು ೩೫ಕ್ಕಿಂತ ಕೆಳಗಿಳಿದರೆ ಅಪಾಯವು ಆರಂಭವಾಯಿತೆಂದು ವೈದ್ಯರು ಹೇಳುವರು. ಮೊದಲು ಮೈ ನಡುಗುತ್ತದೆ, ಬೆರಳುಗಳು ಗುಂಡಿ ಹಾಕಲಾರವು, ಕಾಲು ಎಡವುತ್ತದೆ, ನಾಲಗೆ ತೊದಲುತ್ತದೆ. ನಡುಕ ನಿಂತುಹೋದರೆ ಚೇತರಿಸಿಕೊಂಡನೆಂದು ಜೊತೆಗಾರರು ಹಿಗ್ಗಬಾರದು. ಆಗಲೇ ಗಂಡಾಂತರವು ಹೆಚ್ಚಾದುದು. ಮದ್ಯವು ಮೈಯನ್ನು ಬೆಚ್ಚಗೆ ಮಾಡುವುದೆಂಬುದೂ ಭ್ರಮೆಯೇ. ಅದು ಒಳಗಿನ ಶಾಖವನ್ನು ಚರ್ಮಕ್ಕೆ ತಂದು ಹೊರಕ್ಕೆ ಚೆಲ್ಲಿಬಿಡುವುದು.

ಇವೆಲ್ಲವೂ ಶರೀರದ ಮಾತಾಯಿತು. ನಾವು ಮುಖ್ಯವಾಗಿ ಗಮನಿಸಬೇಕಾದುದು ಬೇರೊಂದು. ಚಳಿಯು ಕೈಕಾಲುಗಳಿಗಿಂತ ಹೆಚ್ಚು ತಡಮಾಡದೆ ವಿವೇಚನೆಯನ್ನೂ ಮಂಕುಮಾಡುವುದು. ಎತ್ತರದ ತೆಳುಗಾಳಿಯೂ ಆಯಾಸವೂ ಅದಕ್ಕೆ ನೆರವಾಗುವುವು. ಹಿಂದಿರುಗಬೇಕೆ ಬೇಡವೆ ಎಂದು ತೀರ್ಪು ಕೊಡಬೇಕಾದ ನ್ಯಾಯಾಧೀಶನೇ ಅಮಲೇರಿ ಪೀಠದಲ್ಲಿ ಕುಳಿತಂತೆ ಆಗುತ್ತದೆ. ಆದಕಾರಣ ಆ ತೀರ್ಪನ್ನು ಬೆಟ್ಟದ ಮೇಲೆ ಬರೆಯತಕ್ಕದ್ದಲ್ಲ; ಕೆಳಗೆ, ಬೆಚ್ಚನೆಯ ಡೇರೆಯಲ್ಲಿ, ಬುದ್ಧಿಯು ತಿಳಿಯಾಗಿರುವಾಗಲೇ ಬರೆದಿಡಬೇಕು.

೧೯೭೧ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪರ್ವತಗಳಲ್ಲಿ ನಡೆದುದು ಅಧ್ಯಾಪಕ ವೃತ್ತಿಯವರಾದ ನಮ್ಮ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ. ಎಡಿನ್‌ಬರೋ ನಗರದ ಆರು ಮಂದಿ ವಿದ್ಯಾರ್ಥಿಗಳು, ತಮಗಿಂತ ಸ್ವಲ್ಪವೇ ಹಿರಿಯರಾದ ಇಬ್ಬರ ಜೊತೆಯಲ್ಲಿ, ಪ್ರಸ್ಥಭೂಮಿಯ ಮೇಲಿದ್ದ ಒಂದು ಚಿಕ್ಕ ಗುಡಿಸಲನ್ನು ರಾತ್ರಿಯೊಳಗೆ ಸೇರುವೆವೆಂದು ಹೊರಟರು. ಆ ಕಾಲದಲ್ಲಿ ಅಲ್ಲಿ ಹಗಲು ಸುಮಾರು ಏಳೂವರೆ ಗಂಟೆ ಮಾತ್ರ. ಹಿಮಗಾಳಿ ಎದ್ದಿತು, ಕತ್ತಲಾಯಿತು, ಗುಡಿಸಲು ಸಿಕ್ಕಲಿಲ್ಲ. ಬಯಲಿನಲ್ಲಿಯೇ ಎರಡು ರಾತ್ರಿಗಳು ಕಳೆದುವು. ಎಂಟು ಮಂದಿಯಲ್ಲಿ ಉಳಿದವರು ಇಬ್ಬರು. ಅದೇ ದಿನ ಮುಂದೆ ಹೋಗಿದ್ದ ಇನ್ನೊಂದು ತಂಡವು ಗುಡಿಸಲನ್ನು ಸೇರಿ ಸುರಕ್ಷಿತವಾಗಿತ್ತು. ಮುಂದೆ ಆ ಗುಡಿಸಲನ್ನೇ ತೆಗೆದುಹಾಕಿದರು. ಸೂರು ಇದೆಯೆಂಬ ಭರವಸೆಯೇ ಜನರನ್ನು ಮುಂದಕ್ಕೆ ಎಳೆಯುವುದೆಂಬುದು ಅಲ್ಲಿಯ ಅನೇಕರ ವಾದವಾಗಿತ್ತು. ಶಿಖರವೂ ಅಂಥದೇ ಒಂದು ಗುಡಿಸಲಲ್ಲವೆ?

ಹಾಗಾದರೆ ಮುಂಚಿತವಾಗಿ ಬರೆದಿಡಬೇಕಾದುದು ಏನು? ಮೊದಲನೆಯದು, ಗಡಿಯಾರದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಚಳಿಗಾಲದ ಹಗಲಿಗಿಂತ ಒಳ್ಳೆಯ ಉದಾಹರಣೆ ದೊರೆಯದು. ಉತ್ತರಾಖಂಡದಲ್ಲಿ ಡಿಸೆಂಬರ್ ಕೊನೆಯ ಹಗಲು ಹತ್ತು ಗಂಟೆಗಿಂತ ಸ್ವಲ್ಪವೇ ಹೆಚ್ಚು. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ೧೮೯೨ರಲ್ಲಿ ಒಂದು ಸರಳ ಲೆಕ್ಕವನ್ನು ಕೊಟ್ಟನು: ನಡೆಯುವ ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ೨,೦೦೦ ಅಡಿಗೆ ಮತ್ತೊಂದು ಗಂಟೆ. ಇದು ಗಟ್ಟಿನೆಲದ, ದೃಢಕಾಯರ ಲೆಕ್ಕ. ಮೊಣಕಾಲುದ್ದ ಹಿಮದಲ್ಲಿ ಇದರ ಎರಡರಷ್ಟು ಹಿಡಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಡೇರೆಗೆ ಬೆಳಕಿನಲ್ಲಿ ಮರಳಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ, ‘ಇಂಥ ಗಂಟೆಗೆ ಎಲ್ಲಿದ್ದರೂ ತಿರುಗತಕ್ಕದ್ದು’ ಎಂದು ಗೊತ್ತುಮಾಡಬೇಕು. ಎರಡನೆಯದು, ಬೆಟ್ಟದ ಮಾತು. ರಾತ್ರಿ ಹೊಸ ಹಿಮ ವಿಶೇಷವಾಗಿ ಬಿದ್ದು, ಮೂವತ್ತರಿಂದ ನಲವತ್ತೈದು ಡಿಗ್ರಿಗಳಷ್ಟು ಕಡಿದಾದ ಇಳಿಜಾರನ್ನು ದಾಟಬೇಕಾಗಿದ್ದರೆ ಹಿಮಕುಸಿತದ ಭಯವುಂಟು. ಮೋಡ ಇಳಿದು ಹೆಜ್ಜೆಗುರುತು ಕಾಣದಂತಾದರೂ ಮುಂದುವರಿಯಕೂಡದು. ಮೂರನೆಯದು, ಜನರ ಮಾತು. ತಂಡದಲ್ಲಿ ಅತ್ಯಂತ ದುರ್ಬಲನಾದವನ ಬಲವೇ ತಂಡದ ಬಲ. ಒಬ್ಬನಿಗೆ ತಲೆನೋವು, ವಾಕರಿಕೆಗಳು ಹೆಚ್ಚುತ್ತಿದ್ದರೆ, ಇಲ್ಲವೆ ಹೆಜ್ಜೆ ತೂರಾಡುತ್ತಿದ್ದರೆ ಅವನನ್ನು ಕೆಳಗಿಳಿಸುವುದೊಂದೇ ಮದ್ದು, ಮತ್ತು ಅವನನ್ನು ಒಬ್ಬನನ್ನೇ ಕಳುಹಿಸಲಾಗದು.

ಶಿಖರವು ಪ್ರಯಾಣದ ಅರ್ಧ ದಾರಿ ಮಾತ್ರವೆಂಬುದನ್ನು ನಮ್ಮ ನಾಡು ಬಹಳ ದುಃಖದಿಂದ ಕಲಿತಿದೆ. ೨೦೨೪ರ ಜೂನ್‌ನಲ್ಲಿ, ಚಳಿಗಾಲವೂ ಅಲ್ಲದ ಆ ದಿನಗಳಲ್ಲಿ, ಉತ್ತರಕಾಶಿಯ ಕಡೆಯ ಸಹಸ್ರತಾಲ್ ಸರೋವರಕ್ಕೆ ಹೋಗಿದ್ದ ಕರ್ನಾಟಕದ ಚಾರಣಿಗರು ಹಿಂದಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಲುಕಿ, ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಚಕ್ರವ್ಯೂಹವನ್ನು ಹೊಗಲು ಬಲ್ಲ ವೀರರಿಗೂ ಹೊರಬರುವ ದಾರಿಯೇ ಕಠಿನವಾದುದು.

ಈಗ ನಮ್ಮದೇ ಒಂದು ಅನುಭವವನ್ನು ಹೇಳಬಹುದು. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ಕೊನೆಯಲ್ಲಿ ಹನ್ನೊಂದು ಮಂದಿ ವಿದ್ಯಾರ್ಥಿಗಳೊಡನೆ ನಾವು ಕೇದಾರಕಂಠಕ್ಕೆ ಹೋಗಿದ್ದೆವು. ಸಾಂಕ್ರಿ ಎಂಬ ಹಳ್ಳಿಯಿಂದ ದೇವದಾರುಗಳ ನಡುವೆ ಏರುವ ದಾರಿ. ಶಿಖರದ ಎತ್ತರ ಸುಮಾರು ೧೨,೫೦೦ ಅಡಿ. ಕೊನೆಯ ಡೇರೆಯಲ್ಲಿ ಸಂಜೆ ಎಲ್ಲರೂ ಕುಳಿತು, ಬೆಳಗ್ಗೆ ಒಂಬತ್ತಕ್ಕೆ ಎಲ್ಲಿದ್ದರೂ ತಿರುಗುವುದೆಂದು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆವು. ಸ್ಥಳದವನಾದ ನಮ್ಮ ಮಾರ್ಗದರ್ಶಿಯೂ ಒಪ್ಪಿದನು. ನಾಲ್ಕು ಗಂಟೆಗೆ ಹೊರಟೆವು. ರಾತ್ರಿ ಬಿದ್ದ ಹಿಮದಲ್ಲಿ ಹೆಜ್ಜೆ ಹೂತುಹೋಗುತ್ತಿತ್ತು. ಎಂಟೂವರೆಯ ಹೊತ್ತಿಗೆ ಒಬ್ಬ ಹುಡುಗನ ಮಾತು ತೊದಲಿತು. ಕಳಚಿದ ಕೈಗವಸನ್ನು ತೊಟ್ಟುಕೊಳ್ಳಲು ಬೆರಳು ಬಾರದು. ಕೇಳಿದರೆ, “ನನಗೇನೂ ಆಗಿಲ್ಲ ಸಾರ್” ಎಂದನು. ಶಿಖರವು ಮೋಡದ ಸೀಳಿನಲ್ಲಿ ಒಮ್ಮೆ ಕಂಡು ಮರೆಯಾಯಿತು. “ಇನ್ನು ಅರ್ಧ ಗಂಟೆ ಸಾರ್, ಅಷ್ಟೇ” ಎಂದರು ಹುಡುಗರು.

ನಿಜ ಹೇಳಬೇಕಾದರೆ ನಮ್ಮ ಮನಸ್ಸೂ ಅದನ್ನೇ ಹೇಳುತ್ತಿತ್ತು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದೆ? ಸರಿ, ಅರ್ಧ ಗಂಟೆ, ಎಂಬ ಮಾತು ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಆ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡಿದ್ದ, ಮೊದಲನೆಯ ವರ್ಷದ ಮಿತಭಾಷಿಣಿಯಾದ ಒಬ್ಬ ಹುಡುಗಿ ಮೆಲ್ಲಗೆ, “ಸಾರ್, ಒಂಬತ್ತಾಯಿತು” ಎಂದಳು. ನಾವು ತಿರುಗಿದೆವು.

ಕಥೆ ಇಲ್ಲಿಗೆ ಮುಗಿದಿದ್ದರೆ ಸೊಗಸಾಗಿರುತ್ತಿತ್ತು. ಹನ್ನೊಂದು ಗಂಟೆಗೆ ಮೋಡ ಹರಿದು ಆಕಾಶವು ನೀಲಿಯಾಯಿತು. ಬೇರೊಂದು ತಂಡದವರು ಶಿಖರದ ಮೇಲೆ ಇರುವೆಗಳಂತೆ ಓಡಾಡುತ್ತಿದ್ದುದು ಡೇರೆಯಿಂದಲೇ ಕಾಣುತ್ತಿತ್ತು. ಒಬ್ಬ ವಿದ್ಯಾರ್ಥಿ ಡೆಹ್ರಾಡೂನಿನವರೆಗೂ ನಮ್ಮೊಡನೆ ಮಾತನಾಡಲಿಲ್ಲ. ಬಿಸಿ ಸಿಹಿ ಚಹಾ, ಒಣಬಟ್ಟೆಗಳಿಂದ ಆ ಹುಡುಗನು ಮಧ್ಯಾಹ್ನದೊಳಗೆ ಚೇತರಿಸಿಕೊಂಡನು. ಅವನೂ ನಮ್ಮನ್ನು ದೂರಿದನು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಈಗ ಉತ್ತರವುಂಟು. ಮುಂದಕ್ಕೆ ಹೋಗಿ ಕೆಟ್ಟವನಿಗೆ ತಪ್ಪು ಗೊತ್ತಾಗುವುದು; ಹಿಂದಿರುಗಿ ಉಳಿದವನಿಗೆ ತಾನು ಸರಿಯೆಂಬುದು ಎಂದಿಗೂ ಗೊತ್ತಾಗದು. ನಡೆಯದೆ ಹೋದ ಅನಾಹುತಕ್ಕೆ ಸಾಕ್ಷಿಯಿಲ್ಲ. ಆದುದರಿಂದ ಹಿಂದಿರುಗುವ ನಿರ್ಧಾರವನ್ನು ಆಮೇಲಿನ ಬಿಸಿಲಿನಿಂದ ಅಳೆಯತಕ್ಕದ್ದಲ್ಲ. ಆ ಗಳಿಗೆಯಲ್ಲಿ ನಮಗೆ ತಿಳಿದಿದ್ದುದರಿಂದಲೇ ಅಳೆಯಬೇಕು.

೨೦೧೬ರ ಫೆಬ್ರವರಿ ೨೬ರಂದು, ೮,೧೨೬ ಮೀಟರ್ ಎತ್ತರದ ನಂಗಾ ಪರ್ವತವನ್ನು ಚಳಿಗಾಲದಲ್ಲಿ ಮೊತ್ತಮೊದಲು ಏರಿದ ತಂಡದಲ್ಲಿ ಇಟಲಿಯ ತಮಾರಾ ಲುಂಗರ್ ಎಂಬಾಕೆ ಇದ್ದಳು. ಸಂಗಡಿಗರು ಮೂವರೂ ಶಿಖರವನ್ನು ಮುಟ್ಟಿದರು. ಈಕೆ ಕೇವಲ ೭೦ ಮೀಟರ್ ಕೆಳಗಿನಿಂದ ತಿರುಗಿದಳು. ಮೈ ಸ್ವಸ್ಥವಿರಲಿಲ್ಲ, ಮೇಲೆ ಹೋದರೆ ತನ್ನ ಬಲದಿಂದಲೇ ಕೆಳಗೆ ಬರಲಾರೆನೆಂದು ಆಕೆಗೆ ತೋರಿತು. ಆ ಎಪ್ಪತ್ತು ಮೀಟರನ್ನು ಬಿಟ್ಟುಬರುವುದಕ್ಕೆ ಏರುವುದಕ್ಕಿಂತ ಕಡಿಮೆ ಧೈರ್ಯ ಸಾಕೆಂದು ನಾವು ನಂಬಲಾರೆವು.

ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸುವ ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಅವರು ಮನೆಗೆ ಮರಳಿದಾಗ, “ತುದಿ ಮುಟ್ಟಿದಿರಾ?” ಎಂದು ಮೊದಲು ಕೇಳಬೇಡಿರಿ. “ಎಷ್ಟು ಗಂಟೆಗೆ ತಿರುಗಿದಿರಿ?” ಎಂದು ಕೇಳಿರಿ. ಆ ಪ್ರಶ್ನೆಯ ನೆನಪು ಮುಂದಿನ ಸಲ ಅವರ ಜೊತೆಯಲ್ಲಿ ಬೆಟ್ಟಕ್ಕೆ ಹೋಗುವುದು.