ನದಿ ಬಿಟ್ಟುಹೋದ ಮೆಟ್ಟಿಲುಗಳು

ನದಿಯ ಇಕ್ಕೆಲಗಳಲ್ಲಿ ಮೆಟ್ಟಿಲಿನಂತಿರುವ ಸಮತಟ್ಟು ನೆಲವನ್ನು ನೀವು ನೋಡಿರಬಹುದು. ಅದು ನದಿಯ ಹಳೆಯ ಪಾತ್ರ. ನದಿ ಆಳಕ್ಕೆ ಕೊರೆದಂತೆ ಹಿಂದಿನ ನೆಲ ಮೇಲೆಯೇ ಉಳಿಯುತ್ತದೆ. ಹಾಗಾಗಿ ಮೇಲಿನ ಮೆಟ್ಟಿಲು ಕೆಳಗಿನದಕ್ಕಿಂತ ಹಳೆಯದು.

ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ಬಯಲಿನಲ್ಲಿ ವೈಮಾಕರಿರಿ ನದಿ ಇಂತಹ ಮೆಟ್ಟಿಲುಗಳನ್ನು ಕಡೆದಿದೆ. ಅಲ್ಲಿ ಹಿಮಯುಗದ ಹೊಳೆಗಳು ತಂದ ಜಲ್ಲಿಯ ಮೇಲೆ ಗಾಳಿ ಹರಡಿದ ನಯವಾದ ಧೂಳೇ ಮಣ್ಣಾಗಿದೆ. ಅನೇಕ ಕಡೆ ಅದರ ದಪ್ಪ 45 ಸೆಂಟಿಮೀಟರೂ ಇಲ್ಲ. ಜಲ್ಲಿಯಲ್ಲಿ ನೀರು ನಿಲ್ಲದು. ಬೇಸಿಗೆಯಲ್ಲಿ ಹುಲ್ಲು ಬೇಗ ಒಣಗುತ್ತದೆ. ಆದ್ದರಿಂದಲೇ ಇಲ್ಲಿ ಹೆಚ್ಚಾಗಿ ಕುರಿ ಮೇಯಿಸುತ್ತಿದ್ದರು.

1990ರ ದಶಕದಿಂದೀಚೆಗೆ ನೀರಾವರಿ ಹೆಚ್ಚಿ, ಹಲವೆಡೆ ಕುರಿಗಳ ಜಾಗಕ್ಕೆ ಹಾಲಿನ ಹಸುಗಳು ಬಂದವು. ಹಸುವಿನ ಮೂತ್ರದಲ್ಲಿರುವ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಬೇರುಗಳು ಹೀರದೆ ಉಳಿದದ್ದು ಜಲ್ಲಿಯ ಮೂಲಕ ಇಳಿದು ಅಂತರ್ಜಲ ಸೇರುತ್ತದೆ. ಮೇಲೆ ಹುಲ್ಲು ಹಸಿರಾಗಿದ್ದರಷ್ಟೇ ಸಾಲದು. ಕೆಳಗಿನ ಬಾವಿಯ ನೀರೂ ಶುದ್ಧವಾಗಿರಬೇಕಲ್ಲವೇ?