ಮುನ್ಸೂಚನೆಗೆ ಮೊದಲು ಎಣಿಕೆ

ಯಾವುದೋ ಆ್ಯಪ್ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ನಕಾಶೆಯ ಮೇಲೆ ಹಸಿರು ಬಣ್ಣ ಬಳಿದು 'ಇಂದು ಪರಾಗ ಕಡಿಮೆ' ಎಂದು ಹೇಳಿದರೆ ನಂಬುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಎಣಿಸಿದ್ದು ಯಾವ ಊರಿನ, ಯಾವ ಮಾಳಿಗೆಯ ಮೇಲೆ? ಯುರೋಪಿಗೆ ಕೋಪರ್ನಿಕಸ್ ವಾತಾವರಣ ಸೇವೆಯ ಪರಾಗ ಮುನ್ಸೂಚನೆ ಇದೆ. ಅಲ್ಲಿ ಲೆಕ್ಕ ಹಾಕುವುದು ಬರ್ಚ್, ಆಲಿವ್, ರಾಗ್‌ವೀಡ್‌ನಂಥ ಅಲ್ಲಿನ ಗಿಡಮರಗಳನ್ನು. ಅದರ ಬೆನ್ನಿಗೆ ದಶಕಗಳ ಎಣಿಕೆಯ ದಾಖಲೆಯೂ ಇದೆ. ಲೋಕಪಾವನಿ ಕಾವೇರಿಯನ್ನು ಸೇರುವ ಈ ಬಯಲಿನಲ್ಲಿ ಬರ್ಚ್ ಇಲ್ಲ, ಆಲಿವ್ ಇಲ್ಲ. ಇಲ್ಲಿರುವುದು ಭತ್ತ, ಕಬ್ಬು, ತೆಂಗು, ಬೇಲಿಸಾಲಿನ ಜಾಲಿ, ಸರ್ವೆ ತೋಪು, ಹೊಸ ಬಡಾವಣೆಗಳ ಖಾಲಿ ಸೈಟಿನಲ್ಲಿ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಇವುಗಳ ಪರಾಗವನ್ನು ಇಲ್ಲಿಯೇ ಎಣಿಸದೆ ಕೊಡುವ ಮುನ್ಸೂಚನೆ, ಎಷ್ಟೇ ದೊಡ್ಡ ಕಂಪ್ಯೂಟರಿನಿಂದ ಬಂದರೂ, ಅಂದಾಜೇ ಸರಿ.

ಎಣಿಸುವ ಯಂತ್ರವೇನೂ ಭಾರಿ ಗಾತ್ರದ್ದಲ್ಲ. 1952ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹರ್ಸ್ಟ್ ರೂಪಿಸಿದ ಮಾದರಿಯೇ ಇಂದಿಗೂ ಜಗತ್ತಿನ ಬಹುಪಾಲು ಕೇಂದ್ರಗಳಿಗೆ ಆಧಾರ. ಅದರ ಪಂಪು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು ಸಣ್ಣ ಸೀಳಿನ ಮೂಲಕ ಒಳಗೆಳೆಯುತ್ತದೆ. ಒಳಗಿನ ಡ್ರಮ್ಮಿಗೆ ಸುತ್ತಿದ ಅಂಟುಪಟ್ಟಿ ಗಂಟೆಗೆ 2 ಮಿಲಿಮೀಟರಿನಂತೆ ಸರಿಯುತ್ತ ಹೋಗುತ್ತದೆ. ಗಾಳಿಯಲ್ಲಿದ್ದದ್ದೆಲ್ಲ ಅದಕ್ಕೆ ಬಡಿದು ಕೂರುತ್ತದೆ. ದಿನವೊಂದಕ್ಕೆ 48 ಮಿಲಿಮೀಟರ್ ಪಟ್ಟಿ. ಅದನ್ನು ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಒಬ್ಬರು ಕೂತು ಎಣಿಸಬೇಕು. ಮಧ್ಯಾಹ್ನ ಮೂರರ ಗಾಳಿಯಲ್ಲಿ ಏನಿತ್ತು, ನಸುಕಿನಲ್ಲಿ ಏನಿತ್ತು ಎಂಬುದೂ ಪಟ್ಟಿಯ ಮೇಲೆ ಉಳಿದಿರುತ್ತದೆ. ಪಾರ್ಥೇನಿಯಂನ ಕಣ ಮೈಯೆಲ್ಲ ಮುಳ್ಳು, ಅಡ್ಡಳತೆ ಸುಮಾರು 15ರಿಂದ 20 ಮೈಕ್ರಾನ್. ಹುಲ್ಲಿನ ಜಾತಿಯದು ನುಣುಪು ಗುಂಡು, ಒಂದೇ ರಂಧ್ರ. ತೊಡಕಿರುವುದು ಇಲ್ಲೇ. ಭತ್ತ, ಕಬ್ಬು, ಕರಿಘಟ್ಟಕ್ಕೆ ಹೆಸರು ತಂದ ದರ್ಭೆ ಎಲ್ಲವೂ ಹುಲ್ಲಿನ ಕುಲದವೇ. ಮಸೂರದ ಕೆಳಗೆ ಅವನ್ನು ಬೇರ್ಪಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಭತ್ತ ಯಾವಾಗ ಹೊಡೆ ಬಿಚ್ಚಿತು, ಕಬ್ಬು ಯಾವಾಗ ಸೂಲಂಗಿ ಬಿಟ್ಟಿತು ಎಂಬುದನ್ನು ಗದ್ದೆಗೆ ಹೋಗಿ ನೋಡಿ ಬರೆದಿಟ್ಟವರಿಗೆ ಮಾತ್ರ ಆ ಗುಂಡು ಕಣಗಳ ಅರ್ಥ ಆದೀತು. ಉಪಗ್ರಹಕ್ಕೆ ಕಾಣುವುದು ಹಸಿರು. ಹೊಡೆ ಬಿಚ್ಚಿದ ವಾರ ಅದಕ್ಕೆ ಸುಲಭಕ್ಕೆ ಸಿಗದು.

ಎಣಿಕೆ ಇಲ್ಲದ ಕಡೆ ತಪ್ಪು ಗಿಡದ ಮೇಲೆ ಆರೋಪ ಬೀಳುತ್ತದೆ. ರಸ್ತೆಬದಿಯ ಗುಲ್‌ಮೊಹರ್, ಹೊಂಗೆ ಹೂ ಸುರಿಸುವಾಗ ಸೀನು ಬಂದರೆ ದೂರು ಆ ಮರದ ಮೇಲೆ. ಬಣ್ಣ, ಕಂಪು, ಮಕರಂದ ಇರುವ ಹೂವುಗಳು ಕೀಟ, ಹಕ್ಕಿಗಳನ್ನು ಕರೆಯುವಂಥವು. ಅವುಗಳ ಪರಾಗ ಅಂಟಂಟು, ಭಾರ, ಗಾಳಿಯಲ್ಲಿ ದೂರ ಹೋಗದು. ಮೂಗಿಗೆ ಇಳಿಯುವುದು ಹೂವೆಂದು ಯಾರೂ ಗುರುತಿಸದ ಹೂವುಗಳ ಪರಾಗ: ಹುಲ್ಲಿನ ತೆನೆ, ಸರ್ವೆಯ ತುದಿ, ಕಾಂಗ್ರೆಸ್ ಗಿಡದ ಬಿಳಿ ಚುಕ್ಕಿ. ಈ ಕೊನೆಯದರ ಚರಿತ್ರೆ ಎಲ್ಲರಿಗೂ ಗೊತ್ತು: 1955ರಲ್ಲಿ ಪುಣೆಯಲ್ಲಿ ಗುರುತಿಸಿದ ಗಿಡ ದೇಶವನ್ನೆಲ್ಲ ಆವರಿಸಿತು. ಬೆಂಗಳೂರಿನ ರೋಗಿಗಳನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲರ್ಜಿ ಮೂಗಿನ ತೊಂದರೆಯಿದ್ದವರಲ್ಲಿ ಶೇ. 34ರಷ್ಟು ಜನರ ಚರ್ಮ ಪಾರ್ಥೇನಿಯಂ ಪರಾಗಕ್ಕೆ ಪ್ರತಿಕ್ರಿಯಿಸಿತ್ತು. ಇದನ್ನು ತಿಂದು ಹಾಕಲೆಂದು ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಗಳನ್ನು ಚೆನ್ನಾಗಿಯೇ ಮೇಯುತ್ತದೆ. ಒಣ ತಿಂಗಳು ಬಂದರೆ ಮಣ್ಣಿಗಿಳಿದು ಮಲಗುತ್ತದೆ. ಆದರೆ ಇಲ್ಲಿನ ವಿಶ್ವೇಶ್ವರಯ್ಯ ನಾಲೆಯ ಏರಿಯಲ್ಲಿ ಆಗಲೂ ತೇವ ಆರಿರುವುದಿಲ್ಲ. ಜೀರುಂಡೆ ಮಲಗಿದ ಮೇಲೂ ಗಿಡ ಹೂ ಬಿಡುವಂಥ ನೀರಾವರಿ ಸೀಮೆಗೆ ಬೆಂಗಳೂರಿನ ಪರಾಗ ಕ್ಯಾಲೆಂಡರ್ ಹೊಂದುವುದು ಅನುಮಾನ.

ಇಲ್ಲಿ ವರ್ಷವಿಡೀ ಏನಾದರೊಂದು ಹೂ ಬಿಡುತ್ತಲೇ ಇರುತ್ತದೆ, ಶೀತದೇಶದ ಹಾಗೆ 'ಪರಾಗದ ಕಾಲ' ಎಂಬುದೇ ಇಲ್ಲ, ಮುನ್ಸೂಚನೆ ಯಾತಕ್ಕೆ ಎನ್ನುವವರಿದ್ದಾರೆ. ತೆಂಗಿನ ಮಟ್ಟಿಗೆ ಮಾತು ಸರಿ. ಅದು ತಿಂಗಳು ತಿಂಗಳೂ ಹೊಂಬಾಳೆ ಬಿಡುತ್ತದೆ. ಆದರೆ ಎಣಿಸಿದ ಕಡೆಯಲ್ಲೆಲ್ಲ ಏರಿಳಿತ ಕಂಡಿದೆ. ಚಂಡೀಗಢದಲ್ಲಿ ವೈದ್ಯಕೀಯ ಸಂಸ್ಥೆ ಪಿಜಿಐಎಂಇಆರ್ ಮತ್ತು ಪಂಜಾಬ್ ವಿಶ್ವವಿದ್ಯಾಲಯದವರು 2018ರಿಂದ 2020ರವರೆಗೆ ಎಣಿಸಿ ಆ ಊರಿನ ಪರಾಗ ಕ್ಯಾಲೆಂಡರ್ ಮಾಡಿದಾಗ ವಸಂತದಲ್ಲೊಂದು, ಶರತ್ಕಾಲದಲ್ಲೊಂದು ಏರು ಸ್ಪಷ್ಟವಾಗಿ ಸಿಕ್ಕಿತು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ಆಲೆಮನೆಯ ಹೊಗೆ, ಕಬ್ಬಿನ ತರಗು ಸುಡುವ ಬೂದಿ, ಹೆದ್ದಾರಿಯ ಧೂಳು, ಹಾಸಿಗೆಯೊಳಗಿನ ಧೂಳುಹುಳ ಇಷ್ಟೆಲ್ಲ ಇರುವಾಗ ಪರಾಗಕ್ಕೇಕೆ ಇಷ್ಟು ಮಹತ್ವ? ಡಾ. ಎಚ್. ಪರಮೇಶ್ ಅವರ ಸಮೀಕ್ಷೆಯಲ್ಲಿ ಬೆಂಗಳೂರಿನ ಮಕ್ಕಳ ಆಸ್ತಮಾ 1979ರ ಶೇ. 9ರಿಂದ 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು, ವಾಹನದ ಹೊಗೆಯನ್ನು ಬಿಟ್ಟು ಪರಾಗದಿಂದಷ್ಟೇ ಇದನ್ನು ವಿವರಿಸಲಾಗದು. ಇದನ್ನು ಪೂರ್ತಿ ಒಪ್ಪಬೇಕು. ಆದರೆ ಒಪ್ಪಿದಷ್ಟೂ ಎಣಿಕೆಯ ಅಗತ್ಯ ಗಟ್ಟಿಯಾಗುತ್ತದೆ. ಪಟ್ಟಿಯಲ್ಲಿ ಪರಾಗವೇ ಇಲ್ಲದ ವಾರ ಉಬ್ಬಸದವರು ಸಾಲುಗಟ್ಟಿದರೆ ವೈದ್ಯರು ಹೊಗೆಯ ಕಡೆ, ಮನೆಯೊಳಗಿನ ಕಡೆ ನೋಡುತ್ತಾರೆ. ನಿರಪರಾಧಿಯನ್ನು ಬಿಡುಗಡೆ ಮಾಡುವುದಕ್ಕೂ ಸಾಕ್ಷಿ ಬೇಕು.

ಮುನ್ಸೂಚನೆಯ ಇನ್ನರ್ಧ ಭಾಗವಾದ ಹವಾಮಾನದಲ್ಲಿ ನಾವು ಬಡವರಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಘಟಕ ಇಟ್ಟಿದೆ; ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ರೈತರು ಮಳೆ ವಿಚಾರಿಸುತ್ತಾರೆ. ಗಾಳಿ, ತೇವ, ಮಳೆಯ ಈ ಲೆಕ್ಕಕ್ಕೆ ಎರಡು ಮೂರು ವರ್ಷದ ಪರಾಗದ ಎಣಿಕೆ ಜೋಡಿಸಿದರೆ ಮುನ್ಸೂಚನೆ ಶುರುವಾಗುತ್ತದೆ. ಮಳೆ ಬಂದರೆ ಗಾಳಿ ತೊಳೆದುಹೋಗುತ್ತದೆ ಎಂಬ ನಂಬಿಕೆಯನ್ನೂ ಆಗ ಪರೀಕ್ಷಿಸಬಹುದು. ಜಡಿಮಳೆ ತೊಳೆಯುವುದು ನಿಜ. ಗುಡುಗು ಮಳೆಯ ಕತೆ ಬೇರೆ: ತೇವ ಹೀರಿದ ಹುಲ್ಲಿನ ಪರಾಗ ಒಡೆದು, ಶ್ವಾಸಕೋಶದ ಆಳಕ್ಕಿಳಿಯುವ ಚೂರುಗಳಾಗುತ್ತದೆ. ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಹೀಗಾಗಿ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಮಂದಿ ಸತ್ತರು. ಮುಂಗಾರಿಗೆ ಮುಂಚಿನ ನಮ್ಮ ಗುಡುಗು ಮಳೆಯಲ್ಲೂ ಹಾಗಾಗುತ್ತದೆಂದು ಹೆದರಿಸುವ ಅಗತ್ಯವಿಲ್ಲ. ಆ ಹೊತ್ತಿಗೆ ಇಲ್ಲಿ ಹುಲ್ಲಿನ ಪರಾಗ ಎಷ್ಟಿರುತ್ತದೆಂದು ತಿಳಿದುಕೊಳ್ಳುವ ಅಗತ್ಯವಂತೂ ಇದೆ.

ಯಂತ್ರ ಇಡುವ ಜಾಗ ಎಂದೊಡನೆ ಕರಿಘಟ್ಟದ ತುದಿ ಹೊಳೆಯುತ್ತದೆ. ಅದು ಬೇಡ, ಜನ ಉಸಿರಾಡುವುದು ಕೆಳಗೆ. ಶ್ರೀರಂಗಪಟ್ಟಣದ ಮೂರು ನಾಲ್ಕು ಅಂತಸ್ತಿನ ಯಾವುದಾದರೂ ಸರ್ಕಾರಿ ಕಟ್ಟಡದ ಮಾಳಿಗೆ ಸಾಕು. ಎಣಿಸುವ ಕಣ್ಣು ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಸಿಗಬಹುದು. ಭತ್ತ, ಕಬ್ಬಿನ ಹೂಬಿಡುವಿಕೆಯ ಲೆಕ್ಕವಿಡುವುದು ಅಲ್ಲಿ ಹೊಸ ಕೆಲಸವೇನಲ್ಲ. ಆ ಒಂದು ಯಂತ್ರದ ಎಣಿಕೆ ಪಾಂಡವಪುರದ ನಾಲೆ ಬಯಲಿಗೂ ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ. ನಾಗಮಂಗಲದ್ದು ಮಳೆ ನಂಬಿದ ರಾಗಿ ಸೀಮೆ, ಕೆ.ಆರ್. ಪೇಟೆಯಲ್ಲಿ ಹೇಮಾವತಿ ನೀರು ಕಂಡ ಊರೂ ಇದೆ, ಕಾಣದ ಊರೂ ಇದೆ. ಅಲ್ಲಿಗೆ ಎರಡನೆಯ ಯಂತ್ರವನ್ನೇ ಕೇಳಬೇಕು.