ಆಗುಂಬೆಗೆ ಹೊರಟಿರಾ? ಬುತ್ತಿ ಕಟ್ಟಿಕೊಳ್ಳಿ!

1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿದ ಆಗುಂಬೆ ನೋಡಲು ಬೈಕ್ ಏರಿದಿರಾ ಗೆಳೆಯರೇ? ಸ್ವಲ್ಪ ತಾಳಿ! ಜೊತೆಗೆ ಹಾಲು, ಮೊಸರು, ತುಪ್ಪ ಮುಟ್ಟದ ‘ವೀಗನ್’ ದೋಸ್ತ್ ಇದ್ದಾನೆಯೇ? ಹಾಗಾದರೆ ಬುತ್ತಿ ಮನೆಯದೇ ಆಗಬೇಕು.

ಹಿಂದಿನ ಸಲ ನನ್ನ ಗೆಳೆಯ ದಾರಿಯುದ್ದಕ್ಕೂ ಬಾಳೆಹಣ್ಣಲ್ಲೇ ದಿನ ತಳ್ಳಿದ. ದೋಸೆಗೆ ಬೆಣ್ಣೆ, ಉಪ್ಪಿಟ್ಟಿಗೆ ತುಪ್ಪ! ಪಾಪ, ಏನು ಮಾಡಿಯಾನು?

ಈ ಸಲ ಮಧ್ಯಾಹ್ನಕ್ಕೆ ಎಳ್ಳೆಣ್ಣೆಯ ಪುಳಿಯೋಗರೆ. ಅನ್ನ ಪೂರ್ತಿ ಆರಿದ ಮೇಲೇ ಬಾಳೆಲೆಯಲ್ಲಿ ಕಟ್ಟಿ; ಹಬೆ ಕೂತರೆ ಹಳಸುತ್ತೆ. ರಾತ್ರಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಕಾಯಿಚಟ್ನಿ ಬೇಡ, ಬೇಗ ಕೆಡುತ್ತೆ. ಕುರುಕಲಿಗೆ ಹುರಿಗಡಲೆ, ಬೆಲ್ಲ. ಚಕ್ಕುಲಿ ಕೊಳ್ಳುವಾಗ ಬೆಣ್ಣೆ ಹಾಕಿದ್ದೀರಾ ಅಂತ ಕೇಳಿ.

ಆಗುಂಬೆಯಲ್ಲಿ ಬುತ್ತಿ ಬಿಚ್ಚಿದಾಗ, ತುಪ್ಪ ತಿನ್ನುವ ನಾವೂ ಅವನ ರೊಟ್ಟಿಗೇ ಕೈ ಹಾಕಿದೆವು!